ಯಂತ್ರಗುರುವೂ ಗಬ್ಬೂರ ಬಾಲಕನೂ

ವಿದ್ಯೆಯ ವಿಷಯದಲ್ಲಿ ಸರಕಾರದವರು ಯಾವ ಹೊಸ ಮಾತನ್ನು ಆಡಿದರೂ ಅದನ್ನು ಕಿವಿಗೊಟ್ಟು ಕೇಳುವದು, ಕೇಳಿದ ಬಳಿಕ ಅದರ ಗುಣದೋಷಗಳನ್ನು ನಿರ್ಭಿಡೆಯಿಂದ ವಿಚಾರಿಸುವದು ವರ್ತಮಾನಪತ್ರದ ಧರ್ಮವೆಂದು ನಾವು ತಿಳಿದಿದ್ದೇವೆ. ೨೦೨೬-೨೭ನೆಯ ಶೈಕ್ಷಣಿಕ ವರ್ಷದಿಂದ ಮೂರನೆಯ ಇಯತ್ತೆಯಿಂದಲೇ ಕೃತಕ ಬುದ್ಧಿಮತ್ತೆಯೆಂಬ ವಿಷಯವನ್ನು ಶಾಲೆಗಳ ಪಠ್ಯಕ್ರಮದಲ್ಲಿ ಸೇರಿಸುವದಾಗಿ ಕೇಂದ್ರ ಶಿಕ್ಷಣ ಮಂತ್ರಾಲಯದವರು ೨೦೨೫ನೆಯ ಇಸವಿಯ ಅಕ್ಟೋಬರ ತಿಂಗಳಲ್ಲಿ ಸಾರಿದರು. ನಮ್ಮ ರಾಜ್ಯದ ಶಿಕ್ಷಣ ಇಲಾಖೆಯೂ ಹಿಂದೆ ಬಿದ್ದಿಲ್ಲ. ಪಾಠವನ್ನು ಸಿದ್ಧಪಡಿಸುವದಕ್ಕೆ ಒಂದು ಯಂತ್ರ, ಓದು ಲೆಕ್ಕಗಳನ್ನು ರೂಢಿಸುವದಕ್ಕೆ ಇನ್ನೊಂದು, ಹಾಜರಿಯನ್ನು ಹಿಡಿಯುವದಕ್ಕೆ ಮತ್ತೊಂದು ಎಂದು ಯೋಜನೆಗಳ ಮೇಲೆ ಯೋಜನೆಗಳು ಹೊರಡುತ್ತಿವೆ. ಈ ಸಡಗರದ ನಡುವೆ ಒಂದು ಪ್ರಶ್ನೆಯನ್ನು ಕೇಳುವವರು ವಿರಳರಾಗಿದ್ದಾರೆ: ಈ ಯಂತ್ರವು ನಮ್ಮ ನಾಡಿನ ಬಾಲಕನಿಗೆ ಏನನ್ನು ಕೊಡುವದು, ಅವನಿಂದ ಏನನ್ನು ಕಸಿದುಕೊಳ್ಳುವದು?

ಈ ಪ್ರಶ್ನೆಯು ನಮ್ಮ ಮನಸ್ಸಿನಲ್ಲಿ ಮೂಡಿದ್ದು ಗಬ್ಬೂರಿನಲ್ಲಿ. ಹುಬ್ಬಳ್ಳಿಯ ದಕ್ಷಿಣದ ಅಂಚಿನಲ್ಲಿ, ಬೆಂಗಳೂರಿನಿಂದ ಬರುವ ಹೆದ್ದಾರಿಯು ಪಟ್ಟಣವನ್ನು ಹೊಗದೆ ಬೈಪಾಸಾಗಿ ಧಾರವಾಡದ ಕಡೆಗೆ ತಿರುಗುವಲ್ಲಿ ಈ ಊರು ಇರುವದನ್ನು ನಮ್ಮ ವಾಚಕರೆಲ್ಲರೂ ಬಲ್ಲರು. ಕೆಲವು ದಿನಗಳ ಹಿಂದೆ ಅಲ್ಲಿಯ ಪರಿಚಿತರೊಬ್ಬರ ಮನೆಗೆ ಹೋದಾಗ ಏಳನೆಯ ಇಯತ್ತೆಯಲ್ಲಿ ಓದುತ್ತಿರುವ ಅವರ ಮಗನು ತಾನು ಬರೆದ ಪ್ರಬಂಧವನ್ನು ನಮಗೆ ತೋರಿಸಿದನು. ವಿಷಯವು 'ನಮ್ಮೂರು'. ಅಕ್ಷರಗಳು ದುಂಡಗಿದ್ದವು, ವ್ಯಾಕರಣದ ತಪ್ಪು ಒಂದೂ ಇರಲಿಲ್ಲ. ಊರ ಬದಿಯಲ್ಲಿ ಹರಿಯುವ ಹೊಳೆ, ಅದರ ದಡದಲ್ಲಿ ತೆಂಗು ಮಾವುಗಳ ತೋಪು, ಬೆಳಗಿನ ಜಾವದಲ್ಲಿ ಕೋಗಿಲೆಯ ದನಿ, ಸಂಜೆ ದನಗಳ ಕೊರಳ ಗಂಟೆ, ಎಲ್ಲವೂ ಅದರಲ್ಲಿದ್ದವು. ಕೆಳಗೆ ಶಿಕ್ಷಕರ ಕೆಂಪು ಶಾಯಿಯ ಮೆಚ್ಚುಗೆಯೂ ಇದ್ದಿತು.

ಹುಬ್ಬಳ್ಳಿಯ ಸೀಮೆಗೆ ಹೊಳೆಯಿಲ್ಲವೆಂಬದನ್ನು ಹೇಳಬೇಕಾದದ್ದಿಲ್ಲ. ನಾವು ಕುಡಿಯುವ ನೀರು ಸವದತ್ತಿಯ ಬಳಿಯ ಮಲಪ್ರಭಾ ಜಲಾಶಯದಿಂದ ಕೊಳವೆಯ ಮೂಲಕ ಬರಬೇಕು. ಆದಕಾರಣ ನಾವು, "ನಿಮ್ಮೂರಾಗ ಹೊಳಿ ಎಲ್ಲಿ ಐತೋ ತಮ್ಮಾ?" ಎಂದು ಕೇಳಿದೆವು. ಹುಡುಗನು ನಾಚದೆ, "ನಮ್ಮೂರಾಗ ಇಲ್ರೀ, ಮೊಬೈಲದಾಗ ಬಂದ ಊರಾಗ ಐತ್ರೀ" ಎಂದನು. ಪ್ರಬಂಧವನ್ನು ಅವನ ತಂದೆಯ ಮೊಬೈಲಿನೊಳಗಿನ ಕೃತಕ ಬುದ್ಧಿಯು ಬರೆದುಕೊಟ್ಟಿದ್ದಿತು. ಇವನು ಅದನ್ನು ನಕಲು ಮಾಡಿದ್ದನು. ನಿಜವಾಗಿ ನಿಮ್ಮೂರು ಹೇಗಿದೆಯೆಂದು ಮತ್ತೆ ಕೇಳಲು ಅವನ ಮಾತು ಹರಿಯತೊಡಗಿತು. ರಾತ್ರಿಯೆಲ್ಲ ನಿಲ್ಲದ ಲಾರಿಗಳ ಸದ್ದು, ಟೋಲ್ ನಾಕೆಯ ಬಳಿ ಚಹ ಮಾರುವವರು, ಮಳೆಗಾಲದಲ್ಲಿ ಎರೆಮಣ್ಣು ಕಾಲಿಗೆ ಮೆತ್ತಿ ಚಪ್ಪಲಿ ಕಿತ್ತುಹೋಗುವದು, ನಲ್ಲಿಗೆ ನೀರು ಬರುವ ದಿನ ತಾಯಿಯು ಕೆಲಸಕ್ಕೆ ಹೋಗದೆ ಕಾಯುತ್ತ ಕೂಡುವದು, ಇವನ್ನೆಲ್ಲ ಅವನು ಒಂದೊಂದಾಗಿ ಹೇಳಿದನು. ಅವನಲ್ಲಿ ಒಂದು ಒಳ್ಳೆಯ ಪ್ರಬಂಧವಿದ್ದಿತು. ಆದರೆ ಅದನ್ನು ಬರೆಯುವ ಪ್ರಸಂಗವೇ ಅವನಿಗೆ ಬಾರದೆ ಹೋಯಿತು.

ಇದರಲ್ಲಿ ಬಾಲಕನ ಅಪರಾಧವು ಅತ್ಯಲ್ಪವೆಂದೇ ನಾವು ಎಣಿಸುತ್ತೇವೆ. ಹಿಂದೆ ಗೈಡು ಪುಸ್ತಕಗಳನ್ನು ನೋಡಿ ಬರೆದವರೂ, ಅಣ್ಣನ ಹಳೆಯ ವಹಿಯನ್ನು ತಿದ್ದಿ ಬರೆದವರೂ ಇಂದು ಕಚೇರಿಗಳಲ್ಲಿ ದೊಡ್ಡ ಹುದ್ದೆಗಳಲ್ಲಿರುವರು. ಯಂತ್ರವನ್ನು ಕಂಡ ಮಾತ್ರಕ್ಕೆ ಕಿರುಚುವ ಸನಾತನರ ಪಂಗಡದವರೂ ನಾವಲ್ಲ. ಪಾಠಶಾಲೆಯಲ್ಲಿ ಗುರುಗಳ ಇದಿರಿಗೆ ಕುಳಿತು ಅರ್ಥವರಿಯದೆ ಅಮರಕೋಶವನ್ನು ಬಾಯಿಪಾಠ ಮಾಡಿದವರು ನಾವು. ಪ್ರಶ್ನೆ ಕೇಳಿದರೆ ಪೆಟ್ಟು ಬೀಳುವ ಕಾಲವನ್ನು ಕಂಡ ನಮಗೆ, ಎಷ್ಟು ಸಲ ಕೇಳಿದರೂ ಬೇಸರಗೊಳ್ಳದೆ, ಜಾತಿಕುಲಗಳನ್ನು ನೋಡದೆ, ಅರ್ಧರಾತ್ರಿಯಲ್ಲಿಯೂ ಉತ್ತರವೀಯುವ ಒಂದು ಸಾಧನವು ಬಡವನ ಮಗನಿಗೆ ದೊರೆಯುವದೆಂದರೆ ಸಂತೋಷವೇ ಹೊರತು ದುಃಖವಿಲ್ಲ. ಅಲ್ಲದೆ, ಬೇಡವೆಂದರೂ ಅದು ಬಂದಾಗಿದೆ. ಭಾರತದ ಗ್ರಾಮಾಂತರದಲ್ಲಿ 'ಪ್ರಥಮ್' ಸಂಸ್ಥೆಯವರು ನಡೆಸಿದ ೨೦೨೪ರ ಸಮೀಕ್ಷೆಯಲ್ಲಿ ೧೪ರಿಂದ ೧೬ ವಯಸ್ಸಿನ ಮಕ್ಕಳ ಪೈಕಿ ನೂರಕ್ಕೆ ಎಂಬತ್ತಕ್ಕೂ ಮೇಲ್ಪಟ್ಟವರು ಸ್ಮಾರ್ಟ್‌ಫೋನನ್ನು ಬಳಸಬಲ್ಲವರಾಗಿದ್ದರು. ಹೀಗಿರಲು ಬಾಗಿಲು ಹಾಕಿಕೊಂಡು ಕೂಡುವದರಿಂದ ಫಲವಿಲ್ಲ. ಒಳಗೆ ಬಂದ ಅತಿಥಿಯನ್ನು ಎಲ್ಲಿ ಕೂಡಿಸಬೇಕೆಂಬದೇ ಪ್ರಶ್ನೆ.

ಅದಕ್ಕೆ ಮೊದಲು ಈ ಅತಿಥಿಯ ಸ್ವಭಾವವನ್ನು ಅರಿಯುವದು ಅವಶ್ಯ. ೨೦೨೨ನೆಯ ಇಸವಿಯ ನವೆಂಬರ ಕೊನೆಯಲ್ಲಿ ಅಮೇರಿಕೆಯ ಓಪನ್ ಎಐ ಎಂಬ ಕಂಪನಿಯು ಚಾಟ್ ಜಿಪಿಟಿಯನ್ನು ಲೋಕದ ಮುಂದಿಟ್ಟಿತು. ತರುವಾಯ ಅದರಂಥವು ಅನೇಕ ಬಂದವು. ಜಗತ್ತಿನಲ್ಲಿ ಬರೆದಿಟ್ಟ ಅಪಾರ ಗ್ರಂಥರಾಶಿಯನ್ನು ಜಾಲಾಡಿ, ಯಾವ ಮಾತಿನ ಹಿಂದೆ ಯಾವ ಮಾತು ಬರುವ ಸಂಭವವು ಹೆಚ್ಚೆಂಬದನ್ನು ಗಣಿತದಿಂದ ಕಲಿತು, ಒಂದೊಂದು ತುಣುಕನ್ನು ಮುಂದಿಡುತ್ತ ಹೋಗುವದು ಇವುಗಳ ಕ್ರಮ. ಇದರಿಂದ ವಾಕ್ಯವು ಸುಲಲಿತವಾಗಿ ಹೊರಡುತ್ತದೆ. ಅದು ನಿಜವಾಗಿರಲೇಬೇಕೆಂಬ ನಿಯಮವಿಲ್ಲ. ಒಳ್ಳೆಯ ಉಪಾಧ್ಯಾಯರು "ನನಗೆ ತಿಳಿಯದು, ನಾಳೆ ನೋಡಿಕೊಂಡು ಬಂದು ಹೇಳುವೆನು" ಎನ್ನುತ್ತಾರೆ. ಯಂತ್ರಕ್ಕೆ ಆ ಮಾತು ಅಷ್ಟು ಸುಲಭವಾಗಿ ಬಾರದು. ಗಬ್ಬೂರನ್ನು ಅರಿಯದೆ ಹೋದರೆ 'ನಮ್ಮೂರು' ಎಂಬ ಪ್ರಬಂಧಗಳಲ್ಲಿ ಸಾಮಾನ್ಯವಾಗಿ ಬರುವ ಹೊಳೆಯನ್ನೇ ಅದು ಗಬ್ಬೂರಿನಲ್ಲಿಯೂ ಹರಿಸಿಬಿಡುತ್ತದೆ.

ಇನ್ನು ಇದರಿಂದ ವಿದ್ಯಾರ್ಥಿಗೆ ಹಿತವೋ ಅಹಿತವೋ ಎಂಬದನ್ನು ಊಹೆಯಿಂದ ನಿರ್ಣಯಿಸಬೇಕಾದದ್ದಿಲ್ಲ, ಪ್ರಯೋಗಗಳು ನಡೆದಿವೆ. ಅಮೇರಿಕೆಯ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ತುರ್ಕಿ ದೇಶದ ಪ್ರೌಢಶಾಲೆಯೊಂದರಲ್ಲಿ ಸುಮಾರು ಒಂದು ಸಾವಿರ ವಿದ್ಯಾರ್ಥಿಗಳಿಗೆ ಗಣಿತದ ಅಭ್ಯಾಸದಲ್ಲಿ ಇಂಥ ಯಂತ್ರವನ್ನು ಕೊಟ್ಟು ನೋಡಿ, ಅದರ ಫಲವನ್ನು ೨೦೨೪ರಲ್ಲಿ ಬಹಿರಂಗಪಡಿಸಿದರು. ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಡುವ ಯಂತ್ರವನ್ನು ಪಡೆದವರು ಅಭ್ಯಾಸದ ಲೆಕ್ಕಗಳಲ್ಲಿ ಉಳಿದವರಿಗಿಂತ ನೂರಕ್ಕೆ ೪೮ರಷ್ಟು ಮುಂದಿದ್ದರು. ಆದರೆ ಯಂತ್ರವನ್ನು ತೆಗೆದು ಪರೀಕ್ಷೆಗೆ ಕೂಡಿಸಿದಾಗ, ಅದನ್ನು ಎಂದೂ ಮುಟ್ಟದವರಿಗಿಂತ ಇವರು ನೂರಕ್ಕೆ ೧೭ರಷ್ಟು ಹಿಂದೆ ಬಿದ್ದರು. ಉತ್ತರವನ್ನು ಕೊಡದೆ, ಶಿಕ್ಷಕರು ಸಿದ್ಧಪಡಿಸಿದ ಸೂಚನೆಗಳಂತೆ ಸುಳುಹನ್ನು ಮಾತ್ರ ಕೊಡುವ ಇನ್ನೊಂದು ಯಂತ್ರವನ್ನು ಬಳಸಿದವರಿಗೆ ಈ ಹಾನಿಯು ಬಹುಮಟ್ಟಿಗೆ ತಪ್ಪಿತು. ಆದರೂ ಪರೀಕ್ಷೆಯಲ್ಲಿ ಅವರು ಉಳಿದವರಿಗಿಂತ ಮೇಲೇನೂ ಆಗಲಿಲ್ಲ.

ಇದಕ್ಕೆ ಇದಿರಾಗಿ ಆಫ್ರಿಕೆಯ ನೈಜೀರಿಯಾ ದೇಶದ ದೃಷ್ಟಾಂತವಿದೆ. ಅಲ್ಲಿಯ ಎಡೋ ಪ್ರಾಂತದಲ್ಲಿ ೨೦೨೪ರಲ್ಲಿ ಜಾಗತಿಕ ಬ್ಯಾಂಕಿನವರ ನೆರವಿನಿಂದ ಶಾಲೆ ಬಿಟ್ಟ ಬಳಿಕ ಆರು ವಾರಗಳವರೆಗೆ ಇಂಥ ಯಂತ್ರದಿಂದ ಇಂಗ್ಲಿಷ್ ಕಲಿಸಿದರು. ಮಕ್ಕಳ ಪ್ರಗತಿಯು ಗಣನೀಯವಾಗಿತ್ತು. ಆದರೆ ಅಲ್ಲಿ ಮಕ್ಕಳನ್ನು ಯಂತ್ರದ ಮುಂದೆ ಒಂಟಿಯಾಗಿ ಬಿಟ್ಟಿರಲಿಲ್ಲ. ಪ್ರತಿಯೊಂದು ತರಗತಿಯಲ್ಲಿಯೂ ಶಿಕ್ಷಕರು ನಿಂತು, ಏನು ಕೇಳಬೇಕು, ಬಂದದ್ದನ್ನು ಹೇಗೆ ಪರಿಶೀಲಿಸಬೇಕೆಂಬದನ್ನು ತೋರಿಸುತ್ತಿದ್ದರು. ಸಂಪನ್ನ ರಾಷ್ಟ್ರವಾದ ದಕ್ಷಿಣ ಕೊರಿಯಾದಲ್ಲಿ ಆದದ್ದನ್ನೂ ನಮ್ಮ ಅಧಿಕಾರಿಗಳು ಗಮನಿಸಬೇಕು. ಅಲ್ಲಿ ೨೦೨೫ರ ಮಾರ್ಚಿನಲ್ಲಿ ಕೃತಕ ಬುದ್ಧಿಯ ಪಠ್ಯಪುಸ್ತಕಗಳನ್ನು ಶಾಲೆಗಳಲ್ಲಿ ತಂದರು. ದೋಷಗಳಿವೆಯೆಂದೂ ಕೆಲಸದ ಹೊರೆಯು ಹೆಚ್ಚಿತೆಂದೂ ದೂರುಗಳೆದ್ದವು. ಅದೇ ವರ್ಷದ ಆಗಸ್ಟಿನಲ್ಲಿ ಅಲ್ಲಿಯ ಶಾಸನಸಭೆಯು ಅವಕ್ಕಿದ್ದ ಪಠ್ಯಪುಸ್ತಕದ ಪದವಿಯನ್ನು ಕಳೆದು ಪೂರಕ ಸಾಮಗ್ರಿಯ ಮಟ್ಟಕ್ಕೆ ಇಳಿಸಿತು. ಈ ಮೂರೂ ದೃಷ್ಟಾಂತಗಳಿಂದ ನಾವು ಗ್ರಹಿಸುವ ತಾತ್ಪರ್ಯವು ಒಂದೇ: ಯಂತ್ರವು ಶಿಕ್ಷಕರ ಕೈಯೊಳಗಿನ ಸಾಧನವಾದರೆ ಫಲವುಂಟು, ಶಿಕ್ಷಕರ ಸ್ಥಾನದಲ್ಲಿ ಕುಳಿತರೆ ಬಾಲಕನ ಸ್ವಂತ ಪ್ರಯತ್ನವು ಅಳಿಯುತ್ತದೆ. ಮೈ ಬಲಿಯಬೇಕೆಂದು ಗರಡಿಗೆ ಹೋದವನು ತನ್ನ ಪರವಾಗಿ ಮತ್ತೊಬ್ಬನಿಂದ ದಂಡ ಹೊಡೆಯಿಸಿದರೆ ಅವನ ತೋಳು ಬಲಿಯುವದುಂಟೆ?

ಈಗ ಭಾಷೆಯ ಮಾತು. ಇದು ಕರ್ನಾಟಕದವರಾದ ನಮ್ಮ ಮರ್ಮಕ್ಕೆ ತಾಗುವಂಥದು. ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿ ಇಲಾಖೆಗೆ ಸೇರಿದ್ದ ಈ ಪ್ರಾಂತದ ಶಾಲೆ ಕಚೇರಿಗಳಲ್ಲಿ ಮರಾಠಿಯ ಪ್ರಾಬಲ್ಯವಿದ್ದಿತು. ಮನೆಯಲ್ಲಿ ಕನ್ನಡವನ್ನಾಡುವ ಮಗುವು ಶಾಲೆಯಲ್ಲಿ ಪರಭಾಷೆಯ ಅಕ್ಷರವನ್ನು ತಿದ್ದಬೇಕಾಗಿದ್ದಿತು. ವಿದ್ಯಾಖಾತೆಯ ಅಧಿಕಾರಿಗಳಾಗಿದ್ದ ಡೆಪ್ಯುಟಿ ಚನ್ನಬಸಪ್ಪನವರು ಊರೂರು ತಿರುಗಿ ಕನ್ನಡ ಶಾಲೆಗಳನ್ನು ಸ್ಥಾಪಿಸಿ, ಅವಕ್ಕೆ ಬೇಕಾದ ಶಿಕ್ಷಕರನ್ನು ಧಾರವಾಡದಲ್ಲಿ ತರಬೇತು ಮಾಡಿದರು. ಅವರ ತರುವಾಯ ೧೮೯೦ನೆಯ ಇಸವಿಯ ಜುಲೈ ೨೦ರಂದು ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು. ಶಾಲೆಯಿದ್ದರೆ ಸಾಲದು, ಅದು ಮಗುವಿನ ಮಾತಿನಲ್ಲಿರಬೇಕೆಂಬದೇ ಆ ಹಿರಿಯರ ಶ್ರಮದ ಸಾರವಾಗಿದ್ದಿತು. ಇಂದು ಅದೇ ಪ್ರಶ್ನೆಯು ಯಂತ್ರದ ರೂಪದಿಂದ ಮರಳಿ ಬಂದಿದೆ.

ಹೇಗೆಂದರೆ, ಈ ಯಂತ್ರಗಳು ಓದಿರುವದರಲ್ಲಿ ಬಹುಪಾಲು ಇಂಗ್ಲಿಷೇ. ಒಂದು ಅಳತೆಯನ್ನು ಹೇಳಬಹುದಾದರೆ, ವಿಕಿಪೀಡಿಯವೆಂಬ ಸಾರ್ವಜನಿಕ ವಿಶ್ವಕೋಶದ ಇಂಗ್ಲಿಷ್ ಆವೃತ್ತಿಯಲ್ಲಿ ೨೦೨೫ರಲ್ಲಿ ಲೇಖನಗಳ ಸಂಖ್ಯೆಯು ೭೦ ಲಕ್ಷವನ್ನು ದಾಟಿತು; ಕನ್ನಡದ ಲೇಖನಗಳು ಕೆಲವು ಹತ್ತು ಸಾವಿರಗಳು ಮಾತ್ರ. ಯಂತ್ರವು ಬರಹವನ್ನು ಚಿಕ್ಕ ತುಣುಕುಗಳಾಗಿ ಕತ್ತರಿಸಿ ಓದುತ್ತದೆ. ಇಂಗ್ಲಿಷಿನ ಒಂದು ಶಬ್ದವು ಬಹುಶಃ ಒಂದೇ ತುಣುಕಾಗುವಲ್ಲಿ ನಮ್ಮ ಒತ್ತಕ್ಷರ ವಿಭಕ್ತಿಗಳುಳ್ಳ ಶಬ್ದವು ಹಲವು ಚೂರಾಗುತ್ತದೆ. ಕಂಪನಿಗಳವರು ತುಣುಕಿನ ಲೆಕ್ಕದಿಂದ ಬಾಡಿಗೆಯನ್ನು ತೆಗೆದುಕೊಳ್ಳುವಲ್ಲಿ ಅದೇ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳುವದಕ್ಕೆ ಹೆಚ್ಚು ವೆಚ್ಚ ತಗಲುತ್ತದೆ. ಇತ್ತೀಚಿನ ಯಂತ್ರಗಳಲ್ಲಿ ಈ ಅಂತರವು ತಗ್ಗಿದೆ, ಆದರೆ ಅಳಿದಿಲ್ಲ. ಅದು ಬರೆಯುವ ಕನ್ನಡವಾದರೂ ಎಂಥದು? ಅನೇಕ ಸಲ ಇಂಗ್ಲಿಷಿನಲ್ಲಿ ಯೋಚಿಸಿ ಕನ್ನಡದ ಅಂಗಿಯನ್ನು ತೊಡಿಸಿದಂಥದು. "ಹೋಗಾಕತ್ತೀನಿ", "ಬರ್ರಿ", "ಯಾಕ್ ಹಂಗಂತಿ" ಎನ್ನುವ ಗಬ್ಬೂರ ಬಾಲಕನ ನುಡಿಯು ಅದರ ಕಿವಿಗೆ ಎಷ್ಟು ಮಟ್ಟಿಗೆ ಹೊಗುವದೆಂಬದನ್ನು ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿಯೇ ಪರೀಕ್ಷಿಸಿ ನೋಡಬಹುದು. ಪರಿಣಾಮವೇನಾಗುವದು? ಇಂಗ್ಲಿಷ್ ಬಲ್ಲ ಶ್ರೀಮಂತನ ಮಗನಿಗೆ ಜಾಣನಾದ ಯಂತ್ರಗುರು, ಕನ್ನಡ ಶಾಲೆಯ ಬಡವನ ಮಗನಿಗೆ ತೊದಲುವ ಯಂತ್ರಗುರು ಎಂದಾಗುವದು. ಕನ್ನಡದಲ್ಲಿ ಕಲಿತರೆ ಹಿಂದುಳಿಯುವೆವೆಂಬ ಭ್ರಾಂತಿಗೆ ಇದು ಇನ್ನಷ್ಟು ಗೊಬ್ಬರವಾಗದೆ ಇರಲಾರದು.

ಇದಕ್ಕೆ ಉಪಾಯವಿಲ್ಲವೆಂದು ನಾವು ಹೇಳುವದಿಲ್ಲ. ಕೇಂದ್ರ ಸರಕಾರದವರು ೨೦೨೨ರಲ್ಲಿ ಆರಂಭಿಸಿದ 'ಭಾಷಿಣಿ' ಯೋಜನೆಯು ದೇಶಭಾಷೆಗಳ ಭಾಷಾಂತರಕ್ಕೂ ಮಾತಿನ ಗ್ರಹಣಕ್ಕೂ ಸಾಧನಗಳನ್ನು ಒದಗಿಸುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಗೂಗಲ್ ಕಂಪನಿಯ ನೆರವಿನಿಂದ ನಡೆಸುವ 'ವಾಣಿ' ಯೋಜನೆಯಲ್ಲಿ ಜಿಲ್ಲೆಜಿಲ್ಲೆಗೂ ಹೋಗಿ ಜನರ ಆಡುಮಾತನ್ನು ಸಂಗ್ರಹಿಸಲಾಗುತ್ತಿದೆ. ನಮ್ಮ ಮನೆಯ ಅಂಗಳದಲ್ಲಿಯೇ ಏನು ಕಡಿಮೆಯಿದೆ? ೨೦೧೫ರಲ್ಲಿ ಸ್ಥಾಪನೆಯಾದ ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯೂ, ೨೦೧೬ರಲ್ಲಿ ಸ್ಥಾಪನೆಯಾದ ಭಾರತೀಯ ತಂತ್ರಜ್ಞಾನ ಸಂಸ್ಥೆಯೂ ಧಾರವಾಡದಲ್ಲಿವೆ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ೧೯೪೭ರಿಂದ ನಡೆದುಬಂದ ಭೂಮರಡ್ಡಿ ಇಂಜಿನಿಯರಿಂಗ್ ಕಾಲೇಜು ಇಂದು ವಿಶ್ವವಿದ್ಯಾಲಯವಾಗಿದೆ. ಯಂತ್ರವನ್ನು ಬಲ್ಲ ಈ ಪಂಡಿತರೂ, ಕನ್ನಡವನ್ನು ಬಲ್ಲ ವಿದ್ಯಾವರ್ಧಕ ಸಂಘ ಹಾಗೂ ಕರ್ನಾಟಕ ವಿಶ್ವವಿದ್ಯಾಲಯದ ವಿದ್ವಾಂಸರೂ, ಮಗುವನ್ನು ಬಲ್ಲ ಪ್ರಾಥಮಿಕ ಶಾಲೆಯ ಶಿಕ್ಷಕರೂ ಒಂದೇ ಜಮಖಾನೆಯ ಮೇಲೆ ಎಂದಾದರೂ ಕುಳಿತಿರುವರೆ? ಗಬ್ಬೂರಿನಿಂದ ಈ ಸಂಸ್ಥೆಗಳಿಗೆ ಹೋಗಲು ಬೈಪಾಸಿನಲ್ಲಿ ಒಂದು ತಾಸು ಬೇಕಿಲ್ಲ. ದೂರವು ಮನಸ್ಸಿನಲ್ಲಿದೆ.

ರಾಜ್ಯದಲ್ಲಿ ನಡೆದಿರುವ ಪ್ರಯೋಗಗಳ ವಿಷಯವಾಗಿಯೂ ಎರಡು ಮಾತು ಹೇಳಬೇಕು. ಮೈಕ್ರೋಸಾಫ್ಟ್ ಕಂಪನಿಯ ಬೆಂಗಳೂರಿನ ಸಂಶೋಧನಾಲಯವೂ ಶಿಕ್ಷಣ ಫೌಂಡೇಶನ್ ಸಂಸ್ಥೆಯೂ ಕೂಡಿ ೨೦೨೩ರಿಂದ ಸರಕಾರಿ ಶಾಲೆಗಳಲ್ಲಿ ಪ್ರಯೋಗಿಸಿದ 'ಶಿಕ್ಷಾ ಕೋಪೈಲಟ್' ಎಂಬ ಸಾಧನವು ಮಕ್ಕಳಿಗಲ್ಲದೆ ಶಿಕ್ಷಕರಿಗಾಗಿ ಹುಟ್ಟಿದ್ದು. ಪಠ್ಯಕ್ರಮಕ್ಕನುಸಾರವಾಗಿ ಪಾಠದ ಯೋಜನೆಯನ್ನು ಕನ್ನಡ, ಇಂಗ್ಲಿಷ್‌ಗಳಲ್ಲಿ ಸಿದ್ಧಪಡಿಸಲು ಅದು ನೆರವಾಗುತ್ತದೆ; ಶಿಕ್ಷಕರು ಅದನ್ನು ತಿದ್ದಿ ತಮ್ಮದಾಗಿ ಮಾಡಿಕೊಳ್ಳಬಹುದು. ಸಾಧನವು ಶಿಕ್ಷಕರ ಕೈಯಲ್ಲಿರಬೇಕೆಂಬ ನಮ್ಮ ತತ್ವಕ್ಕೆ ಇದು ಸಮ್ಮತವಾದದ್ದು. ಇಂಥವನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ. ಆದರೆ ೨೦೨೫ರಲ್ಲಿ ಮಕ್ಕಳ ಮುಖವನ್ನು ಯಂತ್ರದಿಂದ ಗುರುತಿಸಿ ಹಾಜರಿ ತೆಗೆದುಕೊಳ್ಳುವ ಯೋಜನೆಯು ಹೊರಬಿದ್ದಾಗ ಅನೇಕ ಶಿಕ್ಷಣತಜ್ಞರು ಅದನ್ನು ಆಕ್ಷೇಪಿಸಿದರು. ಅವರ ಪಕ್ಷವೇ ನಮ್ಮ ಪಕ್ಷ. ಮಕ್ಕಳ ಹೆಸರನ್ನು ಕೂಗಿ "ಹಾಜರ್" ಎಂದು ಉತ್ತರ ಪಡೆಯುವದಕ್ಕೆ ಶಿಕ್ಷಕರಿಗೆ ತಗಲುವ ಐದು ನಿಮಿಷಗಳು ವ್ಯರ್ಥವಲ್ಲ. ಯಾರ ಕಣ್ಣು ಕೆಂಪಾಗಿದೆ, ಯಾರು ಉಪವಾಸ ಬಂದಿದ್ದಾರೆಂಬದು ತಿಳಿಯುವದು ಆಗಲೇ. ಹದಿನೆಂಟು ವರುಷದೊಳಗಿನವರ ವಿವರಗಳನ್ನು ಬಳಸುವದಕ್ಕೆ ತಂದೆತಾಯಿಗಳ ಸಮ್ಮತಿ ಬೇಕೆಂಬದು ೨೦೨೩ರ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆಯ ಸಾಮಾನ್ಯ ತತ್ವ. ವಿನಾಯಿತಿಗಳನ್ನು ಹುಡುಕುವ ಬದಲು ಸರಕಾರದವರು ಈ ತತ್ವವನ್ನೇ ತಮ್ಮ ಶಾಲೆಗಳಲ್ಲಿ ಮೊದಲು ಆಚರಿಸಿ ತೋರಿಸಲಿ.

ನಮ್ಮ ನಿಜವಾದ ಭಯವು ಇನ್ನೊಂದಿದೆ. ಸರಕಾರಿ ಶಾಲೆಗಳಲ್ಲಿ ಖಾಯಂ ಶಿಕ್ಷಕರ ಸ್ಥಾನಗಳು ಸಾವಿರಗಟ್ಟಲೆ ತೆರವಾಗಿದ್ದು, ವರುಷ ವರುಷವೂ ಹತ್ತಾರು ಸಾವಿರ ಅತಿಥಿ ಶಿಕ್ಷಕರಿಂದ ಕೆಲಸ ಸಾಗಿಸಲಾಗುತ್ತಿದೆ. ಅತಿಥಿ ಶಿಕ್ಷಕರಿಗೆ ಅಲ್ಪ ಗೌರವಧನ. ಮುಂದಿನ ವರುಷದ ಭರವಸೆಯಿಲ್ಲ. ಇಂಥ ಸ್ಥಿತಿಯಲ್ಲಿ ಆಯವ್ಯಯದ ಲೆಕ್ಕವನ್ನು ಬರೆಯುವವರಿಗೆ, "ಯಂತ್ರವೇ ಕಲಿಸುತ್ತಿರುವಾಗ ಶಿಕ್ಷಕರ ನೇಮಣೂಕಿಗೆ ಅವಸರವೇನು?" ಎಂಬ ಬುದ್ಧಿಯು ಹುಟ್ಟಿದರೆ ಆಶ್ಚರ್ಯವಿಲ್ಲ. ಯಾರೂ ಹೀಗೆ ಬಾಯಿಬಿಟ್ಟು ಹೇಳಿಲ್ಲ, ಹೇಳುವದೂ ಇಲ್ಲ. ಸ್ಥಾನಗಳನ್ನು ತುಂಬದೆ ಇರುವದರಿಂದಲೇ ಅದು ತಾನಾಗಿ ಆಗಿಹೋಗುತ್ತದೆ. ಆಗ ಕಲಿಯದ ಮಗುವಿಗೆ ಹೊಣೆ ಯಾರು? ಶಿಕ್ಷಕರು ತಪ್ಪಿದರೆ ಪಾಲಕರು ಹೋಗಿ ಕೇಳಬಹುದು, ಮೇಲಧಿಕಾರಿಗಳಿಗೆ ಅರ್ಜಿಯನ್ನು ಕೊಡಬಹುದು. ಸಮುದ್ರದಾಚೆಯ ಕಂಪನಿಯ ಯಂತ್ರವು ತಪ್ಪು ಕಲಿಸಿದರೆ ಗಬ್ಬೂರಿನ ಕೂಲಿಕಾರನು ಯಾರ ಮನೆಯ ಬಾಗಿಲನ್ನು ತಟ್ಟಬೇಕು?

ಆದಕಾರಣ ಅಧಿಕಾರಿವರ್ಗದವರಲ್ಲಿ ನಮ್ಮ ಬಿನ್ನಹವು ನಾಲ್ಕು ಮಾತಿನದು. ಮೊದಲನೆಯದಾಗಿ, ಯಾವ ಶಾಲೆಯಲ್ಲಿ ಶಿಕ್ಷಕರ ಸ್ಥಾನವು ತೆರವಾಗಿದೆಯೋ ಅಲ್ಲಿ ಯಂತ್ರವನ್ನು ತರುವದಕ್ಕೆ ಮುಂಚೆ ಆ ಸ್ಥಾನವನ್ನು ತುಂಬಬೇಕು. ಎರಡನೆಯದಾಗಿ, ಯಂತ್ರವನ್ನು ಮೊದಲು ಶಿಕ್ಷಕರಿಗೆ ಕೊಟ್ಟು, ಅದರ ಬಳಕೆಯನ್ನೂ ಅದರ ದೋಷಗಳನ್ನೂ ಅವರಿಗೆ ಚೆನ್ನಾಗಿ ಕಲಿಸಿ, ಆಮೇಲೆ ಅವರ ಸಮ್ಮುಖದಲ್ಲಿಯೇ ಮಕ್ಕಳಿಗೆ ಕೊಡಬೇಕು. ಮಕ್ಕಳಿಗೆ ಕೊಡುವದು ಉತ್ತರವನ್ನು ಒಪ್ಪಿಸುವ ಯಂತ್ರವಾಗಿರದೆ ಸುಳುಹನ್ನು ಕೊಟ್ಟು ಯೋಚಿಸಹಚ್ಚುವ ಯಂತ್ರವಾಗಿರಬೇಕು. ಮೂರನೆಯದಾಗಿ, ಕನ್ನಡದಲ್ಲಿ, ಅದರಲ್ಲಿಯೂ ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಪರೀಕ್ಷೆಗೊಳಗಾಗದ ಯಾವ ಯಂತ್ರವನ್ನೂ ನಮ್ಮ ಶಾಲೆಗಳಿಗಾಗಿ ಕೊಳ್ಳಬಾರದು. ಆ ಪರೀಕ್ಷೆಯ ಕಾರ್ಯವನ್ನು ಹುಬ್ಬಳ್ಳಿ-ಧಾರವಾಡದ ವಿದ್ಯಾಸಂಸ್ಥೆಗಳಿಗೆ ಒಪ್ಪಿಸಿ, ಅದರ ಫಲವನ್ನು ಲೋಕಕ್ಕೆ ತಿಳಿಯಪಡಿಸಬೇಕು. ನಾಲ್ಕನೆಯದಾಗಿ, ಮಕ್ಕಳ ಮುಖವೂ ಮಾತೂ ಅಂಕಗಳೂ ಕಂಪನಿಗಳ ವ್ಯಾಪಾರದ ಸರಕಾಗದಂತೆ ಕರಾರಿನಲ್ಲಿಯೇ ಬಿಗಿಯಾದ ಕಟ್ಟುಗಳನ್ನು ಹಾಕಬೇಕು.

ಇನ್ನು ಪಾಲಕರಾದ ಪಟ್ಟಣಿಗರಿಗೂ ನಮ್ಮದೊಂದು ಮಾತಿದೆ. ಮಗನು ಯಂತ್ರದಿಂದ ಬರೆಯಿಸಿ ತಂದ ಸುಂದರ ಪ್ರಬಂಧವನ್ನು ನೆಂಟರಿಗೆ ತೋರಿಸಿ ಹಿಗ್ಗುವದಕ್ಕಿಂತ, ತಾನೇ ಬರೆದ ತಪ್ಪುಗಳುಳ್ಳ ನಾಲ್ಕು ಸಾಲನ್ನು ಪಕ್ಕದಲ್ಲಿ ಕುಳಿತು ಓದುವದು ಮೇಲು. ಬರೆದ ಬಳಿಕ ಬೇಕಾದರೆ ಅದನ್ನು ಯಂತ್ರಕ್ಕೆ ತೋರಿಸಿ, ಎಲ್ಲಿ ತಪ್ಪಿದೆಯೆಂದು ಕೇಳಲಿ. ಮೊದಲು ತನ್ನ ಪ್ರಯತ್ನ, ತರುವಾಯ ಯಂತ್ರದ ನೆರವು: ಈ ಒಂದು ಕ್ರಮವನ್ನು ಮನೆಯಲ್ಲಿ ಪಾಲಿಸಿದರೆ ಅರ್ಧ ಕೇಡು ತಪ್ಪುವದು. ಶಿಕ್ಷಕರಿಗೂ ಇದೇ ಮಾತು. ವಹಿಯಲ್ಲಿಯ ಸುಂದರ ವಾಕ್ಯಕ್ಕೆ ಕೆಂಪು ಶಾಯಿಯ ಮೆಚ್ಚುಗೆಯನ್ನು ಬರೆಯುವ ಮೊದಲು, "ಈ ಹೊಳೆ ಎಲ್ಲಿದೆ?" ಎಂದು ಒಂದು ಸಲ ಕೇಳಿದರೆ ಸಾಕು.

ಗಬ್ಬೂರನ್ನು ಬಿಟ್ಟು ಹೊರಡುವಾಗ ಆ ಹುಡುಗನಿಗೆ, ನಮಗೆ ಹೇಳಿದ್ದನ್ನೇ ಬರೆದು ಕಳಿಸೆಂದು ನಾವು ಹೇಳಿ ಬಂದೆವು. ಕಳೆದ ವಾರ ಅದು ನಮ್ಮ ಕಚೇರಿಗೆ ಬಂದಿತು. ಒಂದೂವರೆ ಪುಟ, ಒತ್ತಕ್ಷರಗಳು ಅಲ್ಲಲ್ಲಿ ತಪ್ಪಿವೆ, ಕೊನೆಯ ವಾಕ್ಯವು ಅರ್ಧಕ್ಕೆ ನಿಂತಿದೆ. ಅದರಲ್ಲಿ ಹೊಳೆಯಿಲ್ಲ, ಕೋಗಿಲೆಯಿಲ್ಲ. ನಲ್ಲಿಗೆ ನೀರು ಬಂದ ರಾತ್ರಿ ಎರಡು ಗಂಟೆಗೆ ತಾಯಿಯು ಅವನನ್ನು ಎಬ್ಬಿಸಿದ್ದು, ಕೊಡ ತುಂಬುವವರೆಗೆ ಹೆದ್ದಾರಿಯ ಲಾರಿಗಳ ದೀಪಗಳನ್ನು ಎಣಿಸುತ್ತ ನಿಂತದ್ದು ಇದೆ. ಲೋಕದ ಯಾವ ಗ್ರಂಥರಾಶಿಯಲ್ಲಿಯೂ ಈ ಸಂಗತಿಯು ಇರಲಿಲ್ಲ. ಅದನ್ನು ಬರೆಯಬಲ್ಲವನು ಅವನೊಬ್ಬನೇ ಆಗಿದ್ದನು. ಇಂಥ ಮಕ್ಕಳು ತಮ್ಮ ಮಾತಿನಲ್ಲಿ ತಮ್ಮ ಊರನ್ನು ಬರೆಯುವ ಶಕ್ತಿಯನ್ನು ಕಳೆದುಕೊಳ್ಳದಂತೆ ನೋಡಿಕೊಳ್ಳುವದೇ ಶಿಕ್ಷಣ ಇಲಾಖೆಯ ಪರಮ ಕರ್ತವ್ಯವೆಂದು ನಾವು ಭಾವಿಸುತ್ತೇವೆ. ಯಂತ್ರವು ಅದಕ್ಕೆ ನೆರವಾದರೆ ಬರಲಿ. ಇಲ್ಲವಾದರೆ ಬಾಗಿಲಲ್ಲಿಯೇ ಕಾಯಲಿ.